ಬಾರಾ ದ್ವೀಪಕ್ಕೆ ಮಾಡಿದ ಫೋನು

ಸತ್ತವರು ಕಾಣಿಸಿಕೊಳ್ಳುತ್ತಾರೆ ಎನ್ನುವವರ ಎದುರಿಗೇ ನಕ್ಕುಬಿಡುತ್ತಿದ್ದವನು ನಾನು. ಈಗಲೂ ಅಂಥದ್ದನ್ನು ನಂಬುತ್ತೇನೆಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ನನ್ನ ಹೆಂಡತಿಗೂ ಪೂರ್ತಿ ಹೇಳಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮೊದಲ ವರ್ಷಗಳು. ನಾನು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿದ್ದೆ, ಕೆಲಸ ಪ್ಯಾರಮಟ್ಟಾದಲ್ಲಿ. ಗೆಳೆಯ ಶ್ರೀಧರ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿದ್ದ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಒಟ್ಟಿಗೆ ಸೈಕಲ್ ತುಳಿದವರು ನಾವು. ಅವನಿಗೆ ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳ ಹುಚ್ಚು ಹೇಗೆ ಹತ್ತಿತೋ ಗೊತ್ತಿಲ್ಲ. ಅಲ್ಲಿ ಸೈಕಲ್ ಪ್ರವಾಸ ಮಾಡಬೇಕೆಂದು ಇಬ್ಬರೂ ಒಂದೇ ನಕ್ಷೆ ತರಿಸಿಕೊಂಡೆವು. ಭಾನುವಾರ ಸಂಜೆ ಅವನ ಫೋನು ಬರುತ್ತಿತ್ತು. ಅವನು ಅಲ್ಲಿ ಬೆರಳಿಟ್ಟ ಊರಿನ ಮೇಲೆ ನಾನು ಇಲ್ಲಿ ಬೆರಳಿಡಬೇಕು.

"ದಕ್ಷಿಣದ ಬಾರಾದಿಂದ ಶುರು ಮಾಡೋಣ ಕಣೋ. ಗಾಳಿ ಬೆನ್ನಿಗಿರತ್ತೆ. ಆಮೇಲೆ ಹ್ಯಾರಿಸ್‌ನಲ್ಲಿ ಭಾನುವಾರ ಅಂಗಡಿ ತೆಗೆಯಲ್ವಂತೆ. ಶನಿವಾರಾನೇ ಬ್ರೆಡ್ ತಗೊಂಡಿಟ್ಕೋಬೇಕು. ಚಟ್ನಿಪುಡಿ ನಾನು ತರ್ತೀನಿ."

ಮೊದಲ ವರ್ಷ ನನಗೆ ಮಗಳು ಹುಟ್ಟಿದಳು, ಹೋಗಲಿಲ್ಲ. ಮರುವರ್ಷ ಮಾರ್ಟ್‌ಗೇಜ್ ಎಂದೆ. ಮೂರನೆಯ ವರ್ಷ ಅವನು ನನ್ನನ್ನು ಕೇಳುವ ಗೋಜಿಗೇ ಹೋಗದೆ ಇಬ್ಬರಿಗೂ ಗೆಸ್ಟ್ ಹೌಸ್‌ಗಳನ್ನು ಬುಕ್ ಮಾಡಿಬಿಟ್ಟ. ಹೊರಡಲು ಐದು ವಾರವಿದ್ದಾಗ ನಾನು, "ರಜೆ ಸಿಗ್ಲಿಲ್ಲ ಕಣೋ" ಎಂದೆ.

ಅವನು, "ಹೋಗ್ಲಿ ಬಿಡು. ನಾನೊಬ್ನೇ ಹೋಗ್ಬರ್ತೀನಿ" ಎಂದು ಫೋನಿಟ್ಟ. ನಾವು ಮಾತಾಡಿದ್ದು ಅದೇ ಕೊನೆ. ಎರಡು ವಾರ ಕಳೆದು ಒಂದು ಶನಿವಾರ ಬೆಳಿಗ್ಗೆ ಡ್ಯಾಂಡಿನಾಂಗ್ ಬೆಟ್ಟದ ಏರಿನಲ್ಲಿ ಅಭ್ಯಾಸ ಮಾಡುತ್ತಿದ್ದವನು, ಸೈಕಲ್ ಮೇಲೇ ಹೃದಯ ನಿಂತು ಬಿದ್ದುಹೋದ. ಜೊತೆಗೆ ಯಾರೂ ಇರಲಿಲ್ಲ.

ಅಂತ್ಯಕ್ರಿಯೆಗೆ ಮೆಲ್ಬರ್ನಿಗೆ ಹೋಗಿದ್ದೆ. ಅವನ ಹೆಂಡತಿ ಮಾಲತಿ ಒಂದು ಹಾಳೆ ಕೊಟ್ಟು, "ಈ ಬುಕಿಂಗ್ ಎಲ್ಲಾ ನೀವೇ ಕ್ಯಾನ್ಸಲ್ ಮಾಡ್ಬಿಡಿ. ನನಗೆ ಆ ಹೆಸರುಗಳನ್ನ ಓದೋಕೂ ಆಗ್ತಿಲ್ಲ" ಎಂದರು.

ಅದನ್ನೂ ಮುಂದೂಡಿದೆ. ಕೊನೆಗೆ ಒಂದು ಸಂಜೆ ಊಟಕ್ಕೆ ಮುಂಚೆ ಬಾರಾದ ಗೆಸ್ಟ್ ಹೌಸಿಗೆ ಫೋನ್ ಮಾಡಿದಾಗ ಬುಕಿಂಗಿನ ದಿನ ಕಳೆದು ಎರಡು ದಿನವಾಗಿತ್ತು. ಅಲ್ಲಿ ಬೆಳಗಿನ ಹೊತ್ತು. ಎತ್ತಿದವಳು ವಯಸ್ಸಾದ ಹೆಂಗಸು. ಶ್ರೀಧರನ ಹೆಸರು ಹೇಳಿ, ಬರಲಾಗದ್ದಕ್ಕೆ ಕ್ಷಮೆ ಕೇಳಿದೆ.

"ಬಂದಿದ್ದರಲ್ಲ! ಒಂದು ರಾತ್ರಿ ಇದ್ದು ನಿನ್ನೆ ಹೊರಟರು. ಸೈಕಲ್ ಇಡೋಕೆ ಶೆಡ್ ತೆಗೆದುಕೊಟ್ಟವಳೇ ನಾನು."

ಬೇರೆ ಯಾರೋ ಇರಬೇಕು ಎಂದೆ. ಅವಳಿಗೆ ಸ್ವಲ್ಪ ಬೇಸರವಾಯಿತೆಂದು ಕಾಣುತ್ತದೆ.

"ಇಬ್ಬರಿಗೆ ಹಾಸಿಗೆ ಮಾಡಿಟ್ಟಿದ್ದೆ. ಇನ್ನೊಬ್ಬರೆಲ್ಲಿ ಅಂತ ಕೇಳಿದೆ. ಬರಲ್ಲ ಅಂದರು. ಪಾಪ, ರಜೆ ಸಿಗಲಿಲ್ಲವಾ ಅಂದೆ. ರಜೆ ಸಿಕ್ಕಿತ್ತು, ಅವನಿಗೇ ಧೈರ್ಯ ಸಾಲಲಿಲ್ಲ ಅಂತ ನಕ್ಕರು."

ರಜೆ ಸಿಕ್ಕಿದ್ದು ನಿಜ. ಮ್ಯಾನೇಜರ್ ಸಹಿ ಹಾಕಿದ ಕಾಗದ ನನ್ನ ಆಫೀಸಿನ ಡ್ರಾಯರಿನಲ್ಲಿತ್ತು. ಮೈ ಬೆಳೆಸಿಕೊಂಡು, ಅವನ ಸಮಕ್ಕೆ ಒಂದು ದಿನವೂ ತುಳಿಯಲಾರೆನೆಂಬ ನಾಚಿಕೆಯಿಂದ ಸುಳ್ಳು ಹೇಳಿದ್ದೆ. ಆ ವಿಷಯ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಅವಳು ಇನ್ನೂ ಮಾತಾಡುತ್ತಿದ್ದಳು. "ಅತಿಥಿಗಳ ಪುಸ್ತಕದಲ್ಲಿ ಅರ್ಧ ಪುಟ ಬರೆದು ಹೋಗಿದ್ದಾರೆ. ನಮ್ಮ ಅಕ್ಷರ ಅಲ್ಲ, ಎಲ್ಲಾ ಗುಂಡುಗುಂಡಗಿದೆ. ನಿಮಗೆ ಓದೋಕೆ ಬರುತ್ತೇನೋ. ಕಾಪಿ ಮಾಡಿಸಿ ಪೋಸ್ಟಿಗೆ ಹಾಕಲಾ?"

"ಬೇಡ" ಎಂದೆ.

ನಮ್ಮ ಕಡೆಯ ಇನ್ನಾರೋ ಆ ದಿನ ಅಲ್ಲಿಗೆ ಹೋಗಿರಬಹುದು. ಮುದುಕಿ ಎರಡು ಬುಕಿಂಗ್‌ಗಳನ್ನು ಕಲಸಿಕೊಂಡಿರಬಹುದು. ಹೀಗೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆ ರಜೆಯ ಮಾತಿಗೆ ಬಂದಾಗ ಎಲ್ಲವೂ ನಿಂತುಹೋಗುತ್ತದೆ. ಮಾಲತಿಯವರಿಗೆ ಕ್ಯಾನ್ಸಲ್ ಆಯಿತೆಂದು ಹೇಳಿದೆ. ನಾಲ್ಕು ವರ್ಷ ಬಿಟ್ಟು ಧೈರ್ಯ ಮಾಡಿ ಅದೇ ನಂಬರಿಗೆ ಮತ್ತೆ ಫೋನ್ ಮಾಡಿದೆ. ಆ ನಂಬರು ಈಗ ಇಲ್ಲ ಎಂದಿತು ರೆಕಾರ್ಡಿನ ದನಿ.

ಅಲ್ಲಿಗೆ ಬಂದಿದ್ದವರು ಯಾರೆಂದು ನನಗೆ ಗೊತ್ತಿಲ್ಲ. ಅವನೇ ಆಗಿದ್ದರೆ, ಆ ಅರ್ಧ ಪುಟ ಯಾರಿಗಾಗಿ ಬರೆದಿದ್ದನೋ ಆ ಗೆಳೆಯನೇ ಬೇಡವೆಂದುಬಿಟ್ಟ.