ರೀಟಮ್ಮನವರ ಸೂಪು

ಆ ಸೂಪಿನಲ್ಲಿ ಎಮ್ಮೆ ಮಾಂಸ ಇದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿ ಹಾಕಿಸಿಕೊಂಡೆ. ಆಮೇಲೆ ಗೊತ್ತಿರಲಿಲ್ಲ ಎಂದುಬಿಟ್ಟೆ — ರೀಟಮ್ಮನವರ ಎದುರಿಗೇ.

ಆಗ ನಾನು ಹರಿಹರದ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ್ದ ಟೀಚರು. ರೀಟಮ್ಮನವರ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯೊಳಗೆ ಮೊಟ್ಟೆ ಸಹ ಬರುವಂತಿರಲಿಲ್ಲ. ರೀಟಮ್ಮ, ಗಂಡ ತೀರಿಕೊಂಡ ಮೇಲೆ, ನಮ್ಮ ಶಾಲೆಯ ಟೀಚರುಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕಟ್ಟಿಕೊಟ್ಟು ಬದುಕುತ್ತಿದ್ದರು. ಡಬ್ಬಿಯ ಅಡುಗೆ ಪೂರ್ತಿ ಸಸ್ಯಾಹಾರ. ಅದಕ್ಕೆ ಬೇರೆ ಒಲೆ, ಬೇರೆ ಪಾತ್ರೆ. ತಮ್ಮ ಮನೆಯ ಮಾಂಸದಡುಗೆ ಹಿತ್ತಲಲ್ಲಿ. ಎರಡನ್ನೂ ಅವರು ಬೆರೆಸಿದ್ದನ್ನು ನಾನು ಒಂದು ದಿನವೂ ಕಾಣೆ.

ನನಗೆ ಟೈಫಾಯ್ಡ್ ಬಂತು. ಜ್ವರ ಬಿಟ್ಟರೂ ಬಾಯಿ ಕೆಟ್ಟಿತ್ತು. ಗಂಜಿ ಕಂಡರೆ ಓಕರಿಕೆ. ಒಂದು ಭಾನುವಾರ ಮೆಲ್ಲಗೆ ಇಳಿದು ಹಿತ್ತಲಿಗೆ ಹೋದಾಗ ಅವರು ಸೂಪು ಮಾಡುತ್ತಿದ್ದರು. ಎಂಥ ಕೈ ಅದು! ಎಲುಬಿನ ಮಾಂಸವನ್ನು ಈರುಳ್ಳಿಯ ಜೊತೆ ಕೆಂಪಗೆ ಹುರಿದು, ನೀರು ಹೊಯ್ದು, ಉರಿ ಸಣ್ಣ ಮಾಡಿ, ತೇಲಿಬಂದ ನೊರೆಯನ್ನು ಬೇಸರವಿಲ್ಲದೆ ಸೌಟಿನಲ್ಲಿ ತೆಗೆಯುತ್ತ ಕೂತಿದ್ದರು. ಆಮೇಲೆ ಟೊಮೆಟೊ, ಕ್ಯಾರೆಟ್, ಜಜ್ಜಿದ ಮೆಣಸು. ಮ್ಯಾಕರೋನಿ ಮಾತ್ರ ಬೇರೆಯೇ ಬೇಯುತ್ತಿತ್ತು — ಮೊದಲೇ ಹಾಕಿದರೆ ಸೂಪನ್ನೆಲ್ಲ ಹೀರಿ ಮುದ್ದೆಯಾಗುತ್ತದಂತೆ. ಎಷ್ಟೋ ದಿನಗಳ ಮೇಲೆ ನನಗೆ ಹಸಿವಾಯಿತು.

"ನನಗೂ ಸ್ವಲ್ಪ ಕೊಡ್ರಿ ಆಂಟಿ."

"ಎಮ್ಮೆ ಮಾಂಸದ್ದು ಟೀಚರೇ, ನಿಮಗ್ ಬ್ಯಾಡ. ತಡೀರಿ, ಬೇಳೆ ಕಟ್ಟು ಮಾಡ್ಕೊಡ್ತೀನಿ."

"ಗೊತ್ತು. ನನಗೆ ಅದೇ ಬೇಕು."

ಅವರು ನನ್ನ ಮುಖವನ್ನೇ ನೋಡಿದರು. "ಆಮ್ಯಾಲೆ ಬೇಜಾರ್ ಮಾಡ್ಕಬಾರ್ದು ಮತ್ತೆ" ಎನ್ನುತ್ತ ಬಟ್ಟಲು ತುಂಬಿದರು. ಆ ರುಚಿ — ಹೇಗೆ ಹೇಳಲಿ — ಬಿಸಿ ಗಂಟಲಲ್ಲಿ ಇಳಿದಂತೆ ಹಣೆಯಲ್ಲಿ ಬೆವರೊಡೆದು, ಮೈಗೆ ಜೀವ ಬಂದಂತಾಯಿತು. ಮತ್ತೊಂದು ಬಟ್ಟಲು ಹಾಕಿಸಿಕೊಂಡೆ.

ಅದನ್ನು ತಿನ್ನುತ್ತಿರುವಾಗಲೇ ಅಣ್ಣ ನನ್ನನ್ನು ನೋಡಲು ದಾವಣಗೆರೆಯಿಂದ ಬಂದ. ಬಟ್ಟಲಲ್ಲಿದ್ದ ಎಲುಬು ಅವನ ಕಣ್ಣಿಗೆ ಬಿತ್ತು.

"ಏನೇ ಇದು? ಯಾರು ಕೊಟ್ಟಿದ್ದು?"

ನಿಜ ಹೇಳಬಹುದಿತ್ತು. ಆದರೆ ಅವನ ಮುಖ ನೋಡಿ —

"ನನಗೆ ಗೊತ್ತೇ ಇರ್ಲಿಲ್ಲ ಅಣ್ಣ. ಅವ್ರು ಹೇಳ್ಲೇ ಇಲ್ಲ."

ರೀಟಮ್ಮ ಸೌಟು ಹಿಡಿದು ನಿಂತಿದ್ದರು. ಸುಳ್ಳು ಎನ್ನಲು ಅವರಿಗೆ ಎಲ್ಲ ಹಕ್ಕೂ ಇತ್ತು. ನನ್ನ ಕಡೆ ಒಮ್ಮೆ ನೋಡಿದರು. "ಹೌದ್ರಿ, ನಂದೇ ತಪ್ಪು. ಹೇಳ್ಬೇಕಿತ್ತು" ಎಂದರು.

ಅಣ್ಣ ಬೀದಿಗೆಲ್ಲ ಕೇಳುವಂತೆ ಕೂಗಾಡಿ ನನ್ನನ್ನು ಕರೆದುಕೊಂಡು ಹೋದ. ಹೇಳದೆ ಮಾಂಸ ತಿನ್ನಿಸುತ್ತಾರೆಂಬ ಮಾತು ಶಾಲೆಗೂ ಮುಟ್ಟಿ, ಟೀಚರುಗಳು ಒಬ್ಬೊಬ್ಬರಾಗಿ ಡಬ್ಬಿ ಬಿಟ್ಟರು. ಗೆಳತಿಯೊಬ್ಬಳು ಫೋನಿನಲ್ಲಿ ಇದನ್ನು ಹೇಳಿದಾಗಲೂ ನಾನು "ಹೌದಾ?" ಎಂದೆ. ಅಷ್ಟೇ ಎಂದೆ. ದಾವಣಗೆರೆಯಲ್ಲೇ ಬೇರೆ ಕೆಲಸ ಹಿಡಿದೆ.

ವರ್ಷಗಳೇ ಕಳೆದ ಮೇಲೆ, ಮೊನ್ನೆ, ಹರಿಹರಕ್ಕೆ ಹೋಗಿದ್ದೆ. ರೀಟಮ್ಮ ಈಗ ಕಾರ್ಖಾನೆಯೊಂದರ ಕ್ಯಾಂಟೀನಿನ ಅಡುಗೆಯನ್ನೆಲ್ಲ ನೋಡಿಕೊಳ್ಳುತ್ತಾರೆ. ಅಲ್ಲಿ ಗತ್ತಿನಿಂದ ನಿಂತಿದ್ದರು. ಅವರೆದುರು ಅಳುತ್ತ ಎಲ್ಲ ಒಪ್ಪಿಕೊಂಡೆ. ಅವರು ಸಮಾಧಾನ ಮಾಡಲಿಲ್ಲ.

"ನನಗ್ಯಾಕ ಹೇಳ್ತೀರಿ ಟೀಚರೇ? ನನಗ್ ಗೊತ್ತೇ ಐತಲ್ಲ. ಗೊತ್ತಿಲ್ದೋರಿಗೆ ಹೇಳ್ರಿ."

ಅಣ್ಣನಿಗೆ ಹೇಳಿದೆ. ಉಣ್ಣುತ್ತಿದ್ದವನು ತಟ್ಟೆ ಬಿಟ್ಟು ಎದ್ದ, ಇನ್ನೂ ಮಾತಾಡಿಲ್ಲ. ನಾಳೆ ಆ ಶಾಲೆಗೆ ಹೋಗುತ್ತೇನೆ. ರೀಟಮ್ಮನವರ ಡಬ್ಬಿಯ ಊಟ ಉಂಡವರು ಕೆಲವರು ಅಲ್ಲಿ ಇನ್ನೂ ಇದ್ದಾರೆ. ರೀಟಮ್ಮ ಮೊದಲೇ ಹೇಳಿದ್ದರು, ನಾನೇ ಕೇಳಿ ತಿಂದೆ — ಇಷ್ಟನ್ನು ಆ ಟೀಚರುಗಳ ಮುಖ ನೋಡಿ ಹೇಳಬೇಕು.