ಮೋರಿ ಮುಂದಿನ ರಂಗೋಲಿ

ಮೊನ್ನೆ ಮೊಮ್ಮಗಳು ದೇವರಾಜ ಮಾರ್ಕೆಟ್ಟಿನಿಂದ ಬಣ್ಣದ ಪುಡಿಗಳ ಜೊತೆ ಒಂದು ಪೊಟ್ಟಣ ಬಿಳಿ ರಂಗೋಲಿ ಪುಡಿಯನ್ನೂ ತಂದಳು. ದಾರಿಯಲ್ಲಿ ನಾಲ್ಕು ಹನಿ ಬಿದ್ದು ಪೊಟ್ಟಣ ಒದ್ದೆಯಾಗಿತ್ತು. ಬಿಚ್ಚಿದ ಕೂಡಲೇ ನೆನೆದ ಕಲ್ಲಿನ ವಾಸನೆ ಬಂತು. ಆ ವಾಸನೆಗೆ ಬೇರೆಯವರಿಗೆ ಹಬ್ಬ ನೆನಪಾಗುತ್ತದೆಯೋ ಏನೋ, ನನಗೆ ನೆನಪಾಗುವುದು ಮೋರಿ. ಮೋರಿಯ ಪಕ್ಕ ಸೆರಗು ಸಿಕ್ಕಿಸಿಕೊಂಡು ಬಗ್ಗಿ ನಿಂತ ನಮ್ಮ ಮೆಂಬರಮ್ಮ...

ನಾನು ಈ ಬೀದಿಗೆ ಸೊಸೆಯಾಗಿ ಬಂದದ್ದು ಸ್ವಾತಂತ್ರ್ಯ ಬಂದು ಏಳೆಂಟು ವರ್ಷಕ್ಕೆ. ಎದುರು ಸಾಲಿನ ಮೂರನೇ ಮನೆ ಅವರದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಹಟ ಹಿಡಿದು ಓದಿ, ಮಿಡ್ಲ್ ಸ್ಕೂಲಿನಲ್ಲಿ ಮೇಡಮ್ಮನಾಗಿ, ಆ ಕೆಲಸವನ್ನೂ ಬಿಟ್ಟು ಮುನಿಸಿಪಾಲಿಟಿ ಚುನಾವಣೆಗೆ ನಿಂತು ಗೆದ್ದವರು. ಗೆಲ್ಲಿಸಿದವರಲ್ಲಿ ಬಟ್ಟೆ ಅಂಗಡಿಯ ನನ್ನ ಮಾವನವರೇ ಮುಂದು. ಹೆಂಗಸು, ಹೇಳಿದಂತೆ ಕೇಳಿಕೊಂಡಿರುತ್ತಾರೆ ಎಂದು ಎಣಿಸಿದ್ದರೋ ಏನೋ. ಆ ಎಣಿಕೆ ತಲೆಕೆಳಗಾಗಲು ತಿಂಗಳೂ ಹಿಡಿಯಲಿಲ್ಲವಂತೆ.

ದಿನಾ ಬೆಳಿಗ್ಗೆ ಕಾಫಿ ಕುಡಿದು, ಬಿಸ್ಕತ್ತಿನ ಹಳೇ ತಗಡಿನ ಡಬ್ಬದಲ್ಲಿ ರಂಗೋಲಿ ಪುಡಿ ತುಂಬಿಕೊಂಡು ಅವರು ವಾರ್ಡು ಸುತ್ತಲು ಹೊರಡುತ್ತಿದ್ದರು. ಮೋರಿಯ ಚಪ್ಪಡಿ ಒಡೆದಿದ್ದರೆ, ರಸ್ತೆಯಲ್ಲಿ ಗುಂಡಿ ಬಿದ್ದಿದ್ದರೆ, ದೀಪದ ಕಂಬ ವಾಲಿದ್ದರೆ, ಅದರ ಸುತ್ತ ರಂಗೋಲಿ ಬಿಡುವುದು. ನಮ್ಮೂರಿನವರು ಏನನ್ನು ಬೇಕಾದರೂ ತುಳಿದಾರು, ರಂಗೋಲಿ ತುಳಿಯಲಾರರು. ಜಟಕಾದವನೂ ಲಗಾಮು ಎಳೆದು ಪಕ್ಕಕ್ಕೆ ಹೊಡೆಯುತ್ತಿದ್ದ. ಮಧ್ಯಾಹ್ನದೊಳಗೆ ಬೀದಿಯೆಲ್ಲ ಇಕ್ಕಟ್ಟಾಗಿ, ಅಡಚಣೆಯ ಸುದ್ದಿ ತಾನಾಗಿಯೇ ಆಫೀಸಿಗೆ ಹೋಗುತ್ತಿತ್ತು. ಅರ್ಜಿ ಗುಜರಾಯಿಸುವ ಕೆಲಸವೇ ಇರಲಿಲ್ಲ.

ಮೊದಲ ಸಲ ಮಾತ್ರ ಎಡವಟ್ಟಾಯಿತಂತೆ. ಗುಂಡಿಯ ಸುತ್ತ ಎಂಟು ದಳದ ಕಮಲ ಬಿಟ್ಟು ಬಂದರು. ಸಂಜೆ ನೋಡಿದರೆ ಯಾರೋ ಅರಿಸಿನ ಕುಂಕುಮ ಹಾಕಿದ್ದಾರೆ, ಇನ್ಯಾರೋ ದಾಸವಾಳ ಇಟ್ಟಿದ್ದಾರೆ. ರಿಪೇರಿಗೆ ಬಂದ ಮೇಸ್ತ್ರಿ ಇದೇನೋ ಪೂಜೆ ಎಂದುಕೊಂಡು, ಚಪ್ಪಲಿ ಬಿಟ್ಟು ಕೈಮುಗಿದು ವಾಪಸು ಹೋದನಂತೆ. ಗುಂಡಿ ಎಂಟು ದಿನ ಹಾಗೇ ಇತ್ತು. ಅಂದಿನಿಂದ ಮೆಂಬರಮ್ಮ ಕಮಲದ ಗೋಜಿಗೆ ಹೋಗದೆ ಬರೀ ಒಂದು ಸುತ್ತು ಎಳೆಯತೊಡಗಿದರು.

ಆಡಿಕೊಳ್ಳುವವರಿಗೆ ಅದೂ ಸಾಕಾಯಿತು. ಗಂಡ ಸತ್ತವಳು ರಂಗೋಲಿ ಬಿಡುವುದುಂಟೇ ಎಂದು ನಮ್ಮತ್ತೆಯೇ ಒಮ್ಮೆ ಜಗಲಿಯಿಂದ ಕೇಳಿಬಿಟ್ಟರು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ.

"ಮನೆ ಮುಂದೆ ಬುಡಬಾರದು ಅಂತ ತಾನೇ ಕಣ್ರೀ ಇರೋದು? ನಾನು ಬುಡ್ತಿರೋದು ಮೋರಿ ಮುಂದೆ," ಎಂದು ಹೇಳಿ ಡಬ್ಬದ ಮುಚ್ಚಳ ಹಾಕಿಕೊಂಡು ಹೊರಟೇಹೋದರು. ಇಂಥ ಹೆಂಗಸನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಮ್ಮ ಹಿತ್ತಲ ಓಣಿಯ ಆಚೆಗೆ ಬೀದಿ ಗುಡಿಸುವವರ ಕೇರಿ ಇತ್ತು. ಅಲ್ಲಿ ನೀರಿರಲಿಲ್ಲ. ಆ ಹೆಂಗಸರು ಬಿಂದಿಗೆ ಇಟ್ಟುಕೊಂಡು ನಮ್ಮ ಹಿತ್ತಲ ಬಾಗಿಲಲ್ಲಿ ಕಾಯುತ್ತಿದ್ದರು. ಕೊಡ ಕೊಡಕ್ಕೆ ತಾಕದಂತೆ ನಾವು ಮೇಲಿನಿಂದ ಹುಯ್ಯಬೇಕು. ಅರ್ಧ ನೀರು ಅವರ ಸೀರೆಗೆ. ಹುಯ್ಯುತ್ತಿದ್ದವಳು ನಾನೇ. ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ನಾಚಿಕೆ ಅನ್ನಿಸಿರಲಿಲ್ಲ.

ಚುನಾವಣೆ ಹತ್ತಿರ ಬಂದ ವರ್ಷ ವಾರ್ಡಿಗೆ ಒಂದೇ ಒಂದು ಬೀದಿ ನಲ್ಲಿ ಮಂಜೂರಾಯಿತು. ಬೇಸಿಗೆಯಲ್ಲಿ ಮನೆ ನಲ್ಲಿ ಸಣ್ಣಗಾಗುತ್ತದೆ, ಈ ಹೊಸ ನಲ್ಲಿ ನಮ್ಮ ಬೀದಿ ಮೂಲೆಗೇ ಬರಬೇಕು ಎಂದು ಮಾವನವರು ನಾಲ್ಕು ಜನರನ್ನು ಸೇರಿಸಿ ಮೆಂಬರಮ್ಮನವರನ್ನು ಕರೆಸಿದರು. ಕಾಫಿ ಕೊಡಲು ಹೋದ ನಾನು ಬಾಗಿಲ ಹಿಂದೆಯೇ ನಿಂತೆ.

"ನಿಮ್ಮನ್ನ ಗೆಲ್ಸಿದೋರು ನಾವು ಕಣಮ್ಮ," ಅಂದರು ಮಾವನವರು.

"ಇಲ್ಲ ಅಂದೋರ್ಯಾರು ಯಜಮಾನ್ರೆ. ಆದ್ರೆ ನಿಮ್ಮನೇಲಿ ಎರಡು ನಲ್ಲಿ ಅವೆ. ಗುಡಿಸೋರ ಕೇರೀಲಿ ಒಂದೂ ಇಲ್ಲ."

"ಹಂಗಾದ್ರೆ ಈ ಸಲ ಅವರ ವೋಟಲ್ಲೇ ಗೆದ್ಕೊಂಡು ಬನ್ನಿ."

ಮೆಂಬರಮ್ಮ ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಆಗಲಿ ಬುಡಿ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದಾಗ ಕಂಡದ್ದನ್ನು ನಾನು ಮರೆಯಲಾರೆ. ಕೇರಿಯ ನಡುವೆ ನೆಲ ಸಾರಿಸಿ ಮೆಂಬರಮ್ಮ ರಂಗೋಲಿ ಬಿಡುತ್ತಿದ್ದರು. ಬರೀ ಸುತ್ತಲ್ಲ, ಎಂಟು ದಳದ ಕಮಲ. ಕೇರಿಯ ಹೆಂಗಸರು ಅದಕ್ಕೆ ಕುಂಕುಮ ಹಾಕಿದರು, ಹೂವಿಟ್ಟರು. ಈ ಸಲ ಮೆಂಬರಮ್ಮ ತಡೆಯಲಿಲ್ಲ. ಸೋಲುವುದು ಗೊತ್ತಿದ್ದೂ ಒಬ್ಬರು ಇಷ್ಟು ನಿಧಾನವಾಗಿ, ಎಳೆ ಅಲುಗದಂತೆ, ಕೂತು ದಳ ತುಂಬಬಲ್ಲರೇ... ನಾನು ಕೊಡ ಹಿಡಿದುಕೊಂಡೇ ನಿಂತುಬಿಟ್ಟೆ. ಹದಿನೈದು ದಿನದಲ್ಲಿ ಆ ಕಮಲದ ನಡುವಿಗೇ ನಲ್ಲಿ ಬಂತು. ನಮ್ಮ ಹಿತ್ತಲಲ್ಲಿ ಬಿಂದಿಗೆಗಳು ಕಾಯುವುದು ನಿಂತಿತು.

ನನಗೆ ಇಪ್ಪತ್ತೊಂದು ತುಂಬಿ ಮೊದಲ ವೋಟು ಬಂದದ್ದು ಆ ಚುನಾವಣೆಗೇ. ಒಳಗೆ ಯಾರೂ ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮಾವನವರು ಹೊರಡುವಾಗ ಹೇಳಿ ಕಳಿಸಿದವರಿಗೇ ಹಾಕಿ ಬಂದೆ. ಮೆಂಬರಮ್ಮ ಬೆರಳಲ್ಲಿ ಎಣಿಸುವಷ್ಟು ವೋಟಿನಿಂದ ಸೋತರು. ನಮ್ಮ ಮನೆಯಲ್ಲೇ ಐದು ವೋಟಿದ್ದವು.

ಮಾರನೆಯ ದಿನ ಅವರು ಬಾಗಿಲು ತೆಗೆಯುವುದಿಲ್ಲ ಎಂದುಕೊಂಡಿದ್ದೆ. ನಾನು ಹೊಸಿಲು ತೊಳೆದು ರಂಗೋಲಿಗೆ ಬಗ್ಗಿದರೆ, ಡಬ್ಬ ಹಿಡಿದು ಎಂದಿನಂತೆ ಬರುತ್ತಿದ್ದಾರೆ. ನಮ್ಮ ಮನೆಯ ಮುಂದೆಯೇ ನಿಂತು ಮೋರಿಯ ಚಪ್ಪಡಿಯ ಸುತ್ತ ಸುತ್ತು ಎಳೆದರು. ನನಗೆ ತಡೆಯಲಾಗಲಿಲ್ಲ. "ಅಮ್ಮ, ನಾನು ನಿಮಗೆ ಹಾಕಲಿಲ್ಲ," ಅಂದೆ.

"ಗೊತ್ತು ಕಣಮ್ಮ," ಅಂದರು, ತಲೆ ಎತ್ತದೆ. "ಚಪ್ಪಡಿ ಬಿರುಕು ಬುಟ್ಟದೆ. ಬಸುರಿ ಹೆಂಗಸು ನೀನು, ಎಡಗಡೆಯಿಂದ ದಾಟು."

ಅವರು ಮೆಂಬರಲ್ಲದಿದ್ದರೂ ಮೂರನೇ ದಿನ ಮೇಸ್ತ್ರಿ ಬಂದು ಚಪ್ಪಡಿ ಬದಲಾಯಿಸಿ ಹೋದ. ಆಮೇಲೂ ಕಾಲು ನಡೆಯುವವರೆಗೆ ಅವರು ವಾರ್ಡು ಸುತ್ತಿದರು. ಅರವತ್ತರ ದಶಕ ಮುಗಿಯುವ ಮೊದಲೇ ಹೋಗಿಬಿಟ್ಟರು.

ಈಗ ನಮ್ಮ ಗೇಟಿನ ಮುಂದೆ ಮೋರಿಯ ಮುಚ್ಚಳ ಕುಸಿದು ವಾರವಾಯಿತು. ಮಗ ಫೋನಿನಲ್ಲಿ ದೂರು ಕೊಟ್ಟು ನಂಬರು ಬರೆದಿಟ್ಟುಕೊಂಡಿದ್ದಾನೆ. ನಾನು ಆ ಒದ್ದೆ ಪುಡಿಯನ್ನು ಹಿಡಿದು ಹೊರಗೆ ಹೋದೆ. ಬಗ್ಗಲು ಸೊಂಟ ಕೇಳಲಿಲ್ಲ, ನಿಂತೇ ಉದುರಿಸಿದೆ. ಸುತ್ತು ಸೊಟ್ಟಗಾಯಿತು. ಜೋರಾಗಿ ಬಂದ ಸ್ಕೂಟರಿನವನೊಬ್ಬ ಅದನ್ನು ಕಂಡು, ನಿಧಾನ ಮಾಡಿ, ಪಕ್ಕದಿಂದ ಬಳಸಿಕೊಂಡು ಹೋದ. ನೋಡಿದಿರಾ ಅಮ್ಮ ಎನ್ನುವಂತೆ ನಾನು ಎದುರು ಸಾಲಿನ ಮೂರನೇ ಮನೆಯ ಕಡೆ ತಿರುಗಿದೆ. ಆ ಮನೆ ಕೆಡವಿ ಬಹಳ ವರ್ಷವಾಯಿತು. ಅಲ್ಲಿ ಈಗ ಕಾರು ನಿಲ್ಲಿಸುತ್ತಾರೆ.