ಬೇಷೆನಾಲಿ ಕುರಿ ಮಾರಿದ ಕಾರಣ

ಆ ಉಣ್ಣೆ ಅಲ್ಲೇ ಇರಲಿ ಮಗಳೇ, ಇಲ್ಲಿ ಕೂತು ಬರೆದುಕೋ. ಬೇಷೆನಾಲಿಯ ವಿಷಯ ಎಲ್ಲಿಗೆ ನಿಲ್ಲಿಸಿದ್ದೆ? ಹ್ಞಾಂ, ಲೆಕ್ಕದ ಮನೆತನದವನು ಅಂತ. ಅವನ ಅಪ್ಪ, ಅಜ್ಜ ಎಲ್ಲ ಚಂದ್ರ ಕೃತ್ತಿಕೆಯನ್ನು ಹಾಯುವ ದಿನ ಎಣಿಸಿ ಚಳಿಗಾಲ ಹೇಗಿರುತ್ತದೆಂದು ಹೇಳುತ್ತಿದ್ದರು. ಇವನೂ ಎಣಿಸುತ್ತಿದ್ದ, ಆದರೆ ಹೇಳುವುದು ಕಡಿಮೆ. ಅದಕ್ಕೇ ಊರಿನ ನಲವತ್ತು ಮನೆಯವರು ಅವನ ಬಾಯಿ ನೋಡುವುದು ಬಿಟ್ಟು ಕೈ ನೋಡುತ್ತಿದ್ದರು. ಅವನು ಹುಲ್ಲು ಕೊಯ್ದರೆ ಇವರೂ ಕೊಯ್ಯುವುದು, ಅವನು ಕೊಟ್ಟಿಗೆ ಗೋಡೆಗೆ ಮಣ್ಣು ಮೆತ್ತಿದರೆ ಇವರೂ ಮೆತ್ತುವುದು. ಒಂದು ಸಲ ನೆಗಡಿಯೆಂದು ಅವನು ಆಗಸ್ಟ್‌ನಲ್ಲೇ ನರಿತುಪ್ಪಳದ ಟೊಪ್ಪಿ ಹಾಕಿಕೊಂಡದ್ದಕ್ಕೆ ಮೂರು ಮನೆಯವರು ಚಳಿ ಬೇಗ ಬಂತೆಂದು ಎಳೆ ಆಲೂಗಡ್ಡೆ ಕಿತ್ತುಬಿಟ್ಟರು. ಆಮೇಲೆ ನಕ್ಕದ್ದೂ ಆಯಿತು, ಬಿಡು.

ಆ ವರ್ಷ ಅಕ್ಟೋಬರ್‌ನಲ್ಲಿ ಅವನ ಹೆಂಡತಿ ಕಲೀಪಾಗೆ ಎದೆಯಲ್ಲಿ ಗಂಟು ಕಾಣಿಸಿತು. ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಕೊಯ್ಯಿಸಬೇಕು ಎಂದರು ಡಾಕ್ಟರು. ಕಲೀಪಾ ಗಂಡನ ಕೈಯನ್ನು ರೊಟ್ಟಿಯ ಮೇಲೆ ಇಡಿಸಿ ಮಾತು ತೆಗೆದುಕೊಂಡಳು.

"ಯಾರಿಗೂ ಹೇಳಬೇಡ್ರಿ. ನನ್ನ ಮೈ ವಿಷಯ ಬಾವಿಕಟ್ಟೆ ಮೇಲೆ ಮಾತಾಗೋದು ನಂಗೆ ಬೇಡ."

ಮರಿ ಹಾಕುವ ಕುರಿಗಳನ್ನು ನಮ್ಮಲ್ಲಿ ಯಾರೂ ಚಳಿಗಾಲದ ಬಾಗಿಲಲ್ಲಿ ಮಾರುವುದಿಲ್ಲ, ಹಿಮ ಕುರಿಗಳನ್ನು ಕೊಲ್ಲುವ ವರ್ಷ ಬರುತ್ತಿದೆ ಎಂದು ಗೊತ್ತಾದರೆ ಮಾತ್ರ ಮಾರುವುದು. ತಾನು ಮಾರಿದರೆ ಊರು ಹಾಗೆ ತಿಳಿಯುತ್ತದೆಂದು ಬೇಷೆನಾಲಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವನ ತಲೆಯಲ್ಲಿ ಹೆಂಡತಿ ಒಬ್ಬಳೇ ಇದ್ದಳು. ಭಾನುವಾರ ಮೂವತ್ತು ಕುರಿ ಹೊಡೆದುಕೊಂಡು ಅತ್‌ಬಾಷಿ ಸಂತೆಗೆ ಹೊರಟ. ಸೇತುವೆಯ ಹತ್ತಿರ ಪಕ್ಕದ ಮನೆಯ ಟುರ್ದುಬೇಕ್ ಅಡ್ಡ ಬಂದ.

"ಏನಣ್ಣ, ಒಳ್ಳೊಳ್ಳೆ ಕುರೀನೇ ಹೊರಡಿಸಿದ್ದೀಯ?"

"ಮಾರಬೇಕು," ಎಂದ ಬೇಷೆನಾಲಿ.

"ಯಾಕೆ ಅಂತ ಕೇಳಬಹುದಾ?"

"ಮಾರಬೇಕು ಅಷ್ಟೆ."

"ಅರ್ಥ ಆಯ್ತು ಬಿಡು," ಎಂದು ಟುರ್ದುಬೇಕ್ ಆಕಾಶ ನೋಡಿದ.

ಅವನಿಗೆ ಅರ್ಥವಾದದ್ದು ಸಂಜೆಯೊಳಗೆ ಊರಿಗೆಲ್ಲ ಅರ್ಥವಾಯಿತು. ಮುಂದಿನ ಭಾನುವಾರ ಆರು ಮನೆಯ ಕುರಿಗಳು ಸೇತುವೆ ದಾಟಿದವು. ಆ ಆರು ಮನೆ ನೋಡಿ ಅದರ ಮುಂದಿನ ವಾರ ಇಪ್ಪತ್ತು. ಎಂಟು ಸಾವಿರ ಸೋಮ್ ಬೆಲೆಯ ಕುರಿ ಐದು ಸಾವಿರಕ್ಕೆ ಇಳಿಯಿತು. ಬೆಲೆ ಇಳಿದಷ್ಟೂ ಜನಕ್ಕೆ ಭಯ ಗಟ್ಟಿಯಾಯಿತು: ನೋಡಿದಿರಾ, ವ್ಯಾಪಾರಿಗಳಿಗೂ ಸುದ್ದಿ ಮುಟ್ಟಿದೆ. ಅಷ್ಟು ಜನರಲ್ಲಿ ಆಕಾಶದ ಲೆಕ್ಕ ಹಾಕಿದವರು ಒಬ್ಬರೂ ಇಲ್ಲ.

ನಾಲ್ಕನೆಯ ಶನಿವಾರ ಊಲ್‌ಬೂಬು ಅವನ ಬೇಲಿಯ ಹತ್ತಿರ ಬಂದು ನಿಂತಳು. ಗಂಡ ಸತ್ತವಳು, ಹನ್ನೊಂದು ಕುರಿ ಬಿಟ್ಟರೆ ಬೇರೇನಿಲ್ಲ.

"ಬೇಷೆನಾಲಣ್ಣ, ನಾಳೆ ನಾನೂ ಹೊಡ್ಕೊಂಡು ಹೋಗ್ತೀನಿ. ಅವು ಹೋದ ಮೇಲೆ ನನ್ನ ಹಟ್ಟೀಲಿ ನಾಯಿ ಒಂದೇ. ಅದರಲ್ಲಿ ಹಾಲು ಕರೆಯೋಕಾಗುತ್ತಾ? ಒಂದು ಮಾತು ಹೇಳು, ಹಿಮ ಅಷ್ಟು ಕೆಟ್ಟದಾಗಿ ಬರುತ್ತಾ?"

ಬೇಷೆನಾಲಿಯ ಲೆಕ್ಕದಲ್ಲಿ ಅದು ಸಾಧಾರಣ ಚಳಿಗಾಲ. "ಇಲ್ಲ, ಮಾರಬೇಡ," ಎಂದ.

"ಮತ್ತೆ ನೀನ್ಯಾಕೆ ಮಾರಿದೆ?"

ಅವನು ಬೇಲಿಯ ಸಡಿಲ ಗೂಟ ಬಿಗಿಮಾಡತೊಡಗಿದ. ಊಲ್‌ಬೂಬು ಬೆನ್ನು ತಿರುಗಿಸಿದಳು. "ನಿನ್ನ ಕುರಿಗೊಂದು ಲೆಕ್ಕ, ನನ್ನ ಕುರಿಗೊಂದು ಲೆಕ್ಕಾನಾ?" ಎಂದು ಹೊರಟುಹೋದಳು.

ಒಳಗೆ ಬಂದರೆ ಕಲೀಪಾ ಎಲ್ಲ ಕೇಳಿಸಿಕೊಂಡು ಕೂತಿದ್ದಳು. ಕೊಟ್ಟ ಮಾತಿನಿಂದ ಬಿಡಿಸು ಎಂದು ಅವನು ಕೇಳಲಿಲ್ಲ. ಕೇಳಿದರೆ ಅವಳು ಹೇಳಿಬಿಡಿ ಎನ್ನುತ್ತಾಳೆಂದು ಅವನಿಗೆ ಭಯ.

ಬೆಳಗ್ಗೆ ಕಲೀಪಾ, ನಮ್ಮಲ್ಲಿ ಮದುವೆಗೆ ಹೋಗುವವಳ ಹಾಗೆ, ಬಿಳಿ ವಸ್ತ್ರ ತಲೆಗೆ ಕಟ್ಟಿಕೊಂಡಳು. ನಾನು ಅವಳನ್ನು ಹಾಗೆ ನೋಡಿದ್ದು ಅದೇ ಕೊನೆ. ಸೇತುವೆಯ ನಡುವೆ ಹೋಗಿ ನಿಂತಳು, ಸಂತೆಗೆ ಹೊರಟ ಕುರಿಗಳು ಅವಳ ಮಂಡಿಗೆ ಬಂದು ಮುತ್ತಿಕೊಂಡವು. ಬೇಷೆನಾಲಿ ಹಿಂದೆಯೇ ಓಡಿಬಂದು ಟೊಪ್ಪಿ ತೆಗೆದು ನಿಂತ.

"ನನ್ನ ಎದೇಲಿ ಗಂಟಿದೆ," ಎಂದಳು, ಅಷ್ಟು ಗಂಡಸರ ಮುಂದೆ. "ಕುರಿ ಮಾರಿದ್ದು ಅದನ್ನ ಕೊಯ್ಸೋಕೆ. ನಮ್ಮನೆಯವರು ಹಿಮಗಿಮ ಏನೂ ನೋಡಿಲ್ಲ. ನಿಮ್ಮ ಕುರಿ ನೀವು ಮನೆಗೆ ಹೊಡ್ಕೊಂಡು ಹೋಗಿ."

ಟುರ್ದುಬೇಕ್ ಪಕ್ಕದವನಿಗೆ, "ತನ್ನ ಉಳಿದ ಕುರಿ ಮಾರೋ ತನಕ ಬೆಲೆ ಇನ್ನೂ ಬೀಳಬಾರದು ಅಂತ ಹೆಂಡ್ತೀನ ಕಳಿಸಿದ್ದಾನೆ," ಎಂದ. ಹೋಗಿ ತನ್ನ ಕುರಿ ಮಾರಿಯೂ ಬಂದ. ಊಲ್‌ಬೂಬು ತನ್ನ ಮುಂದಿನ ಕುರಿಯ ಕಿವಿ ಹಿಡಿದು ತಿರುಗಿಸಿದಳು, ಉಳಿದವೂ ತಿರುಗಿದವು. ಅವಳ ಹಿಂದೆ ಏಳೆಂಟು ಮನೆಯವರು ತಿರುಗಿದರು.

ಚಳಿಗಾಲ ಎಂದಿನಂತೆ ಬಂತು, ಎಂದಿನಂತೆ ಹೋಯಿತು. ಕಲೀಪಾ ಬಿಷ್ಕೆಕ್‌ನಿಂದ ಬಂದು ಮಾರ್ಚ್ ತನಕ ಬದುಕಿದಳು. ಮಣ್ಣು ಮಾಡುವ ದಿನ ಊಲ್‌ಬೂಬುವಿನ ಹಟ್ಟಿಯಲ್ಲಿ ಮೊದಲ ಮರಿ ಹುಟ್ಟಿತ್ತು. ಅವಳು ಮರಿ ಎಳೆದ ಒದ್ದೆ ಕೈಯಲ್ಲೇ ಓಡಿಬಂದಳು. ಬೇಷೆನಾಲಿ ಆ ಕೈ ನೋಡಿದ, ಆಮೇಲೆ ಅತ್ತ.

ಇನ್ನು ಸಾಕು ಬರೆದದ್ದು. ಈ ಭಾನುವಾರ ನನ್ನ ನಾಲ್ಕು ಕುರಿ ಸಂತೆಗೆ ಹೋಗುತ್ತಿವೆ, ಗೊತ್ತಲ್ಲ? ಬೂಟು ಹಾಕಿಕೋ. ಸೇತುವೆಯಿಂದ ಶುರುಮಾಡಿ ಒಂದೊಂದು ಮನೆಗೂ ಹೋಗಿ, ಅಜ್ಜಿ ಹಲ್ಲು ಕಟ್ಟಿಸಿಕೊಳ್ಳೋಕೆ ಮಾರ್ತಿದ್ದಾಳೆ, ಬೇರೇನೂ ಇಲ್ಲ ಅಂತ ಹೇಳಿ ಬಾ. ಟುರ್ದುಬೇಕನ ಮನೆಯಲ್ಲಿ ಎರಡು ಸಲ ಹೇಳು.